ಧರ್ಮಶ್ರದ್ಧೆಗೆ ಅವಮಾನ: 299ನೇ ಕಲಂ ಉಳಿಯಬೇಕೆ?

ಒಂದು ವರ್ಗದ ಜನರ ಧಾರ್ಮಿಕ ಭಾವನೆಗಳನ್ನು ಕೆರಳಿಸಬೇಕೆಂದೇ, ಬುದ್ಧಿಪೂರ್ವಕವಾಗಿ ಮತ್ತು ದುರುದ್ದೇಶದಿಂದ ಅವರ ಧರ್ಮವನ್ನು ಅವಮಾನಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ಕೊಡುವ ಕಲಂ ಭಾರತೀಯ ದಂಡ ಸಂಹಿತೆಯಲ್ಲಿ 295ಎ ಎಂದಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿದೆ. ಅದು ಉಳಿಯಬೇಕೆಂದು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರೂ, ಬೇಡವೆಂದು ವಕೀಲರೊಬ್ಬರೂ ಇಲ್ಲಿ ವಾದಿಸಿದ್ದಾರೆ.

ಪರ: ಕೇಸಿನ ನಂಬರು ಕೊಡುವ ಸಮಾಧಾನ

ವಾಕ್ ಸ್ವಾತಂತ್ರ್ಯದ ಬಗ್ಗೆ ಬರೆಯುವವರು ಮಾತು ಹೊರಟ ಬಾಯಿಯನ್ನು ನೋಡುತ್ತಾರೆ; ಖಾಕಿ ತೊಟ್ಟ ನಾವು ಆ ಮಾತು ಹೋಗಿ ಬೀಳುವ ಬೀದಿಯನ್ನು ಕಾಯಬೇಕಾಗಿತ್ತು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಅಚ್ಚಾದ ಒಂದು ಸಣ್ಣಕತೆಯ ತಲೆಬರಹಕ್ಕೆ ಎದ್ದ ಗಲಭೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. 2020ರ ಆಗಸ್ಟ್ 11ರ ರಾತ್ರಿ ಫೇಸ್‌ಬುಕ್ಕಿನ ಒಂದು ಬರಹಕ್ಕಾಗಿ ದೇವರಜೀವನಹಳ್ಳಿ ಮತ್ತು ಕಾಡುಗೊಂಡನಹಳ್ಳಿ ಹೊತ್ತಿ ಉರಿದವು. ಠಾಣೆಗೂ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ ಜೀವಗಳು ಹೋದವು. ಸತ್ತವರಲ್ಲಿ ಕತೆ ಬರೆದವರು ಯಾರೂ ಇರಲಿಲ್ಲ ಎಂಬುದನ್ನು ನಮ್ಮ ಸ್ವಾತಂತ್ರ್ಯವಾದಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಈ ಕಲಂ ಬ್ರಿಟಿಷರ ಕೊಡುಗೆ, ಆದ್ದರಿಂದ ಕಿತ್ತೆಸೆಯಬೇಕು ಎನ್ನುವವರು ಅದು ಹುಟ್ಟಿದ ಸಂದರ್ಭವನ್ನು ಓದಿಕೊಳ್ಳಬೇಕು. 1924ರಲ್ಲಿ ಲಾಹೋರಿನ ಪ್ರಕಾಶಕ ರಾಜಪಾಲ್ ಪ್ರವಾದಿಯವರ ಸಂಸಾರವನ್ನು ಲೇವಡಿ ಮಾಡುವ ಒಂದು ಕಿರುಹೊತ್ತಗೆಯನ್ನು ಹೊರತಂದರು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪಂಗಡಗಳ ನಡುವೆ ದ್ವೇಷ ಹುಟ್ಟಿಸುವುದನ್ನು ತಡೆಯುವ ಕಲಂ ಆಗಲೂ ಇತ್ತು. ಆದರೆ ಗತಿಸಿದ ಧರ್ಮಗುರುವಿನ ಲೇವಡಿ ಅದರ ವ್ಯಾಪ್ತಿಗೆ ಬಾರದೆಂದು 1927ರಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಆರೋಪಿಯನ್ನು ಬಿಡುಗಡೆ ಮಾಡಿದರು. ಪಂಜಾಬು ಕುದಿಯಿತು. ಕೊನೆಗೆ ರಾಜಪಾಲ್ ತಮ್ಮ ಅಂಗಡಿಯಲ್ಲೇ ಇರಿತಕ್ಕೆ ಬಲಿಯಾದರು. ಕಾನೂನು ಕೈಚೆಲ್ಲಿದ ಜಾಗಕ್ಕೆ ಚಾಕು ಬರುತ್ತದೆ.

ನಮ್ಮ ನೆಲದಲ್ಲಿ ಇದಕ್ಕೆ ಬ್ರಿಟಿಷರೇ ಬರಬೇಕಾಗಿರಲಿಲ್ಲ. ಶ್ರವಣಬೆಳಗೊಳದ 1368ರ ಶಾಸನವನ್ನು ನೋಡಿದವರಿಗೆ ಗೊತ್ತು: ತಮಗೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಜೈನರು ಮೊರೆಯಿಟ್ಟಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಕಲ್ಲಿನಲ್ಲಿ ಬರೆಸಿದ. ನೊಂದವರು ದೊರೆಯ ಬಳಿಗೆ ಹೋದರು, ದೊರೆ ಕೇಳಿಸಿಕೊಂಡ. 299ನೇ ಕಲಂ ಮಾಡುವುದೂ ಅಷ್ಟನ್ನೇ.

ನಾನು ಇದನ್ನು ಕಲಿತದ್ದು ಮಾತ್ರ ಶಾಸನದಿಂದಲ್ಲ. ಬೆಂಗಳೂರಿನ 1986ರ ಆ ಗಲಭೆಯಾಗಿ ಎರಡು ವರ್ಷವೂ ಕಳೆದಿರಲಿಲ್ಲ. ಬಯಲುಸೀಮೆಯ ಒಂದು ಸಂತೆಯೂರಿನ ಠಾಣೆಗೆ ಹೊಸ ಸಬ್‌ಇನ್‌ಸ್ಪೆಕ್ಟರ್ ಆಗಿ ಹೋಗಿದ್ದೆ. ಮಾರಮ್ಮನ ಜಾತ್ರೆಗೆ ಮೂರು ದಿನವಿತ್ತು. ಬೆಳಗಿನ ಜಾವ ಪೂಜಾರಿ ಬಾಗಿಲು ತೆಗೆಯಲು ಹೋದರೆ ಗುಡಿಯ ಚಿಲಕಕ್ಕೆ ಸವೆದ ಚಪ್ಪಲಿಗಳ ಹಾರ ತೂಗುತ್ತಿತ್ತು. ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ದೇವಿಯನ್ನು ಕುರಿತು ಎರಡು ಸಾಲು ಬರೆದಿದ್ದರು. ಏಳು ಗಂಟೆಯ ಹೊತ್ತಿಗೆ ಠಾಣೆಯ ಮುಂದೆ ಮುನ್ನೂರು ಜನ ಸೇರಿದ್ದರು. ಬರೆದವರು ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ, ಯಾರ ಬೀದಿಗೆ ನುಗ್ಗಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನನ್ನ ಬಳಿ ಇದ್ದವರು ಒಬ್ಬ ದಫೇದಾರರು ಮತ್ತು ಆರು ಜನ ಪೇದೆಗಳು. ಜಿಲ್ಲಾ ಕೇಂದ್ರದಿಂದ ಮೀಸಲು ತುಕಡಿ ಬರಲು ಎರಡು ತಾಸಾದರೂ ಬೇಕಿತ್ತು.

ದಫೇದಾರರು ನನಗಿಂತ ಇಪ್ಪತ್ತು ವರ್ಷ ಹಿರಿಯರು. "ಸಾರ್, ಮೊದಲು ಎಫ್‌ಐಆರ್ ಬರೀರಿ, ಆಮೇಲೆ ಆಚೆ ಬನ್ನಿ" ಎಂದು ಕಿವಿಯಲ್ಲಿ ಹೇಳಿದರು. ನಡುಗುವ ಕೈಯಲ್ಲಿ ಬರೆದೆ, ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಮೊಕದ್ದಮೆಯ ನಂಬರನ್ನೂ 295, 295ಎ ಎಂಬ ಕಲಂಗಳನ್ನೂ ಗಟ್ಟಿಯಾಗಿ ಓದಿದೆ. ಮುಂದಿನ ಸಾಲಿನಲ್ಲಿದ್ದ ಊರ ಗೌಡರು, "ಸಿಕ್ಕಿದೋರ್ನ ಸಂಜೆಗೇ ಬಿಟ್ಬಿಡ್ತೀರಾ ಸಾಹೇಬ್ರೆ?" ಎಂದು ಕೇಳಿದರು. "ಠಾಣೆಯಲ್ಲಿ ಜಾಮೀನು ಕೊಡೋ ಕೇಸಲ್ಲ ಗೌಡ್ರೆ, ಕೋರ್ಟಿಗೇ ಹೋಗ್ಬೇಕು" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಹಿಂದಕ್ಕೆ ತಿರುಗಿ, "ಬರ್ಕೊಂಡವ್ರೆ, ನಡೀರಿ" ಎಂದರು. ಅಷ್ಟೇ. ಮಧ್ಯಾಹ್ನ ಮಸೀದಿಯ ಮುತವಲ್ಲಿಯವರು ಒಬ್ಬರೇ ಬಂದು ಅದೇ ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡು ಹೋದರು. ತಮ್ಮ ಹುಡುಗರಿಗೆ ತೋರಿಸಲು ಅವರಿಗೂ ಅದು ಬೇಕಾಗಿತ್ತು. ಜಾತ್ರೆ ನಡೆಯಿತು, ಒಂದು ಗಾಜೂ ಒಡೆಯಲಿಲ್ಲ. ಒಂದು ವಾರದ ಮೇಲೆ ಸಿಕ್ಕಿಬಿದ್ದವರು ಜಾತ್ರೆಯ ಚಂದಾ ಲೆಕ್ಕದಲ್ಲಿ ಜಗಳವಾಡಿಕೊಂಡಿದ್ದ ಅದೇ ಊರಿನ, ಅದೇ ದೇವಿಯ ಒಕ್ಕಲಿನ ಇಬ್ಬರು ಹುಡುಗರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದದ್ದರಿಂದ ಇಬ್ಬರೂ ಖುಲಾಸೆಯಾದರು. ಅದಕ್ಕೆ ನನಗೆ ಬೇಸರವಿಲ್ಲ. ಆ ಕಲಂ ತನ್ನ ಕೆಲಸವನ್ನು ಅಂದು ಬೆಳಗ್ಗೆ ಏಳೂವರೆಗೇ ಮುಗಿಸಿತ್ತು.

ದುರ್ಬಳಕೆಯ ಮಾತು ಬರುತ್ತದೆ. ಯಾವ ಕಲಂ ದುರ್ಬಳಕೆಯಾಗುವುದಿಲ್ಲ? ಸುಳ್ಳು ಕಳ್ಳತನದ ದೂರುಗಳನ್ನು ನಾನು ಎಷ್ಟೋ ಕಂಡಿದ್ದೇನೆ, ಹಾಗೆಂದು ಕಳ್ಳತನವನ್ನು ಅಪರಾಧವಲ್ಲವೆಂದು ಯಾರೂ ಹೇಳಲಿಲ್ಲ. ಅಲ್ಲದೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ನ್ಯಾಯಾಲಯ ಈ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತೆಯೇ ಇಲ್ಲ. ಗಲಭೆಯೆಂದರೆ ಟಿವಿಯಲ್ಲಿ ಕಂಡ ಹೊಗೆಯೆಂದಷ್ಟೇ ಬಲ್ಲವರು, ದೇವರನ್ನು ಬಯ್ಯುವ ಹಕ್ಕಿಲ್ಲದಿದ್ದರೆ ಉಸಿರೇ ಕಟ್ಟುತ್ತದೆಂಬಂತೆ ಬರೆಯುವುದನ್ನು ಓದುವಾಗ ನನಗೆ ಆ ಆರು ಜನ ಪೇದೆಗಳ ನೆನಪಾಗುತ್ತದೆ.

ಕಲಂ ಉಳಿದರೆ ಸಾಲದು, ಎಲ್ಲರಿಗೂ ಒಂದೇ ಆಗಿ ಉಳಿಯಬೇಕು. ಕಡಬ ತಾಲ್ಲೂಕಿನ ಮಸೀದಿಯೊಂದಕ್ಕೆ ರಾತ್ರಿ ನುಗ್ಗಿ 'ಜೈ ಶ್ರೀರಾಮ್' ಎಂದು ಕೂಗಿದ ಆರೋಪ ಹೊತ್ತಿದ್ದ ಇಬ್ಬರ ಮೇಲಿನ ಪ್ರಕರಣವನ್ನು, ಅದರಿಂದ ಯಾರ ಧಾರ್ಮಿಕ ಭಾವನೆಗೆ ಹೇಗೆ ಧಕ್ಕೆಯಾಗುತ್ತದೆಂದು ಕೇಳಿ ಕರ್ನಾಟಕ ಹೈಕೋರ್ಟ್ 2024ರಲ್ಲಿ ರದ್ದುಪಡಿಸಿತು. ತೀರ್ಪಿಗೆ ತಲೆಬಾಗುತ್ತೇನೆ, ಆದರೆ ನನಗದು ಹಿಡಿಸಲಿಲ್ಲ. ನನ್ನ ಠಾಣೆಯಾಗಿದ್ದರೆ ಗೌಡರಿಗೆ ಬರೆದಂತೆಯೇ ಆ ಮುತವಲ್ಲಿಯವರಿಗೂ ಎಫ್‌ಐಆರ್ ಬರೆದುಕೊಡುತ್ತಿದ್ದೆ.

ವಿರೋಧ: ತೀರ್ಪಿಗೆ ಮೊದಲೇ ಮುಗಿಯುವ ಶಿಕ್ಷೆ

ಈ ಕಲಂ ಬೇಡವೆಂಬ ಪಕ್ಷವನ್ನು ನನಗೆ ವಹಿಸಲಾಗಿದೆ. ವಹಿಸಿದ ಪಕ್ಷವನ್ನು ವಾದಿಸುವುದು ವಕೀಲನಿಗೆ ಹೊಸದಲ್ಲ; ಇದೇ ಕಲಮಿನಡಿ ದೂರು ಕೊಡಲು ಬಂದ ಕಕ್ಷಿದಾರರಿಗೆ ನಾನೇ ದೂರು ಬರೆದುಕೊಟ್ಟದ್ದೂ ಉಂಟೆಂದು ಮೊದಲೇ ಹೇಳಿಬಿಡುವುದು ಮೇಲು.

ಸಂವಿಧಾನದ 19(2)ನೇ ವಿಧಿ ವಾಕ್ ಸ್ವಾತಂತ್ರ್ಯಕ್ಕೆ ಹಾಕಬಹುದಾದ ನಿರ್ಬಂಧಗಳ ಕಾರಣಗಳನ್ನು ಹೆಸರಿಸುತ್ತದೆ. ಸಾರ್ವಜನಿಕ ಸುವ್ಯವಸ್ಥೆ ಅದರಲ್ಲಿದೆ, ಧಾರ್ಮಿಕ ಭಾವನೆ ಇಲ್ಲ. ಹೀಗಾಗಿ 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ 295ಎ ಕಲಮನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಸುವ್ಯವಸ್ಥೆಯನ್ನೇ ಆಧಾರವಾಗಿಟ್ಟುಕೊಂಡು, ಬುದ್ಧಿಪೂರ್ವಕವಾದ, ದುರುದ್ದೇಶದಿಂದ ಕೂಡಿದ ಉಗ್ರ ಸ್ವರೂಪದ ಅವಮಾನ ಮಾತ್ರ ಅಪರಾಧವೆಂದು ಹೇಳಿತು. ಓದಲು ಇದು ಇಕ್ಕಟ್ಟಾದ ಬಾಗಿಲು. ಆದರೆ ದುರುದ್ದೇಶವಿತ್ತೇ ಎಂಬುದನ್ನು ತೂಗುವುದು ನ್ಯಾಯಾಧೀಶರು; ಠಾಣೆಯಲ್ಲಿ ತೂಗುವುದು ಹೊರಗೆ ನಿಂತಿರುವ ಜನರ ತಲೆಗಳನ್ನು. ಸರ್ಕಾರದ ಪೂರ್ವಾನುಮತಿಯೆಂಬ ರಕ್ಷಣೆಯೂ ಬರುವುದು ಬಂಧನ, ಜಾಮೀನು ಅರ್ಜಿ, ಊರೂರಿನ ಕೋರ್ಟುಗಳ ಅಲೆದಾಟವೆಲ್ಲ ಆದ ಮೇಲೆ. 2013ರಲ್ಲಿ ವಾಣಿಜ್ಯ ನಿಯತಕಾಲಿಕವೊಂದು ಮಹೇಂದ್ರ ಸಿಂಗ್ ಧೋನಿಯನ್ನು ವಿಷ್ಣುವಿನ ರೂಪದಲ್ಲಿ ಮುಖಪುಟಕ್ಕೆ ಹಾಕಿದ್ದಕ್ಕೆ ಬೆಂಗಳೂರಿನಲ್ಲೂ ಅನಂತಪುರದಲ್ಲೂ ದೂರುಗಳಾದವು. ಅಜಾಗರೂಕತೆಯ ಅವಮಾನ ಈ ಕಲಮಿಗೆ ಒಳಪಡದೆಂದು ಹೇಳಿ ಅನಂತಪುರದ ಪ್ರಕರಣವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 2017ರಲ್ಲಿ. ಧೋನಿಗೆ ದೆಹಲಿಯ ಹಿರಿಯ ವಕೀಲರು ಸಿಗುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ದಾಟಿಸಿದ ಗ್ಯಾರೇಜಿನ ಹುಡುಗನ ತಾಯಿ ನನ್ನ ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕೂತಿದ್ದರು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಹನ್ನೆರಡನೆಯ ಶತಮಾನದ ಜೈನ ಕವಿ ಬ್ರಹ್ಮಶಿವ ತನ್ನ 'ಸಮಯಪರೀಕ್ಷೆ'ಯಲ್ಲಿ ಅನ್ಯಮತಗಳ ದೇವರುಗಳನ್ನೂ ಆಚಾರಗಳನ್ನೂ ಹರಿತವಾಗಿಯೇ ಹಂಗಿಸಿದ್ದಾನೆ, ನಾವು ಅದನ್ನು ಎಂ.ಎ. ತರಗತಿಗಳಲ್ಲಿ ಪಾಠ ಮಾಡುತ್ತೇವೆ. ಅದೇ ನಾಡಿನಲ್ಲಿ ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿ 1995ರ ಸಾಲಿನ ಕರ್ನಾಟಕ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದು, 1997ರಲ್ಲಿ ಸರ್ಕಾರದ ಮುಟ್ಟುಗೋಲಿಗೆ ಒಳಗಾಯಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಒಂದು ಕೈ ಬಹುಮಾನ ಕೊಟ್ಟು ಇನ್ನೊಂದು ಕೈ ಪ್ರತಿಗಳನ್ನು ಕಿತ್ತುಕೊಳ್ಳುವ ಸರ್ಕಾರದ ಎದುರು ಲೇಖಕ ಯಾವ ಗೆರೆಯ ಒಳಗೆ ನಿಂತು ಬರೆಯಬೇಕು?

ಕಲಂ ಹೋದರೆ ನಾಳೆ ಬೆಳಗಾಗುವುದರೊಳಗೆ ದೇಶ ಬೂದಿಯಾಗುತ್ತದೆಂದು ಹೆದರಿಸುವವರು ಲಾಹೋರಿನ ರಾಜಪಾಲರ ಕೊಲೆಯನ್ನು ತಪ್ಪದೆ ಉದಾಹರಿಸುತ್ತಾರೆ. ಕಲಂ ಜಾರಿಗೆ ಬಂದದ್ದು 1927ರಲ್ಲಿ, ಕೊಲೆಯಾದದ್ದು 1929ರಲ್ಲಿ. ಆ ಕಲಂ ಅವರನ್ನು ಕಾಯಲಿಲ್ಲ. ಇನ್ನೊಂದು ಪ್ರಕರಣ ನನಗೆ ಇದಕ್ಕಿಂತ ಇಷ್ಟ. 1953ರಲ್ಲಿ ತಿರುಚಿನಾಪಳ್ಳಿಯಲ್ಲಿ ಪೆರಿಯಾರ್ ರಾಮಸ್ವಾಮಿ ನಾಯಕರು ಬಹಿರಂಗವಾಗಿ ಗಣಪತಿಯ ಮಣ್ಣಿನ ವಿಗ್ರಹವನ್ನು ಒಡೆದರು. ದೂರು ಕೆಳಗಿನ ಕೋರ್ಟಿನಲ್ಲೇ ವಜಾ ಆಯಿತು. 1958ರಲ್ಲಿ ಸುಪ್ರೀಂ ಕೋರ್ಟ್, ಕೆಳಗಿನ ನ್ಯಾಯಾಲಯಗಳು ಕಾನೂನನ್ನು ತೀರ ಸಂಕುಚಿತವಾಗಿ ಅರ್ಥೈಸಿವೆಯೆಂದು ಗದರಿಸಿಯೂ, ವಿಷಯ ಹಳೆಯದಾಯಿತೆಂದು ಮರುವಿಚಾರಣೆಗೆ ಕಳುಹಿಸದೆ ಕೈಬಿಟ್ಟಿತು. ಯಾರಿಗೂ ಶಿಕ್ಷೆಯಾಗಲಿಲ್ಲ, ತಮಿಳರು ಮರುವರ್ಷವೂ ಪಿಳ್ಳೆಯಾರರಿಗೆ ಕಡುಬು ಮಾಡಿದರು.

ಗುಡಿ, ಮಸೀದಿ, ಇಗರ್ಜಿಗಳನ್ನು ಅಪವಿತ್ರಗೊಳಿಸಿದವನಿಗೆ 298ನೇ ಕಲಂ ಇದೆ, ಪಂಗಡಗಳ ನಡುವೆ ವೈರ ಹಚ್ಚುವವನಿಗೆ 196 ಇದೆ. 299 ಹೋದರೂ ಇವು ಉಳಿಯುತ್ತವೆ.

ಇಷ್ಟು ವಾದಿಸಿದ ಮೇಲೂ, ಈ ಕಲಮನ್ನು ನಾಳೆಯೇ ಅಳಿಸಿಬಿಡಿ ಎಂದು ಸಹಿ ಹಾಕಲು ನನ್ನ ಕೈ ಸ್ವಲ್ಪ ಹಿಂಜರಿಯುತ್ತದೆ, ಏಕೆಂದರೆ ದೂರು ಕೊಡಲು ನನ್ನ ಬಳಿ ಬಂದವರೆಲ್ಲರೂ ಕಪಟಿಗಳಾಗಿರಲಿಲ್ಲ. ಕೆಲವರು ನಿಜವಾಗಿಯೂ ಅಳುತ್ತಿದ್ದರು. ಅದನ್ನು ಜಾಮೀನು ಸಿಗುವ ಅಪರಾಧವನ್ನಾಗಿ ಮಾಡಿ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗಿಳಿಯದಂತೆ ಮಾಡಿದರೆ ನಾನು ನನ್ನ ಪಕ್ಷದ ಉಳಿದ ವಾದವನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ.