ಗೆಲುವಿನ ಗುಟ್ಟು ಲಾಯದಲ್ಲಿಲ್ಲ

ಅಮೆರಿಕದ ಕಾಲೇಜು ವೆಸ್ಟರ್ನ್ (ಕೌಬಾಯ್ ಶೈಲಿಯ) ಕುದುರೆ ಸವಾರಿ ಕೋಚ್ ಒಬ್ಬರ ವೃತ್ತಿಜೀವನದ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ಖುಷಿಯಾಯಿತು. ಆದರೆ ‘ಒಳ್ಳೆಯ ಕುದುರೆಗಳಿದ್ದ ಲಾಯವೇ ಅವರ ಗೆಲುವಿನ ಗುಟ್ಟು’ ಎಂಬ ಸಾಲನ್ನು ಖಂಡಿತ ಒಪ್ಪಲಾರೆ. 1967ರಲ್ಲಿ ಬಾಬ್ ಕ್ಯಾಚಿಯೋನಿ ಹುಟ್ಟುಹಾಕಿದ ಐಎಚ್‌ಎಸ್‌ಎ ಎಂಬ ಅಂತರ ಕಾಲೇಜು ಕುದುರೆ ಸವಾರಿ ಸಂಸ್ಥೆಯ ಪಂದ್ಯಗಳಿಗೆ ಯಾರೂ ತಮ್ಮ ಕುದುರೆಯನ್ನು ತರುವಂತಿಲ್ಲ. ಆತಿಥೇಯರು ಒದಗಿಸಿದ ಕುದುರೆಗಳಿಗೆ ಚೀಟಿ ಎತ್ತುತ್ತಾರೆ. ಪಳಗಿಸಿಕೊಳ್ಳಲು ಒಂದು ಸುತ್ತೂ ಸಿಗದೆ, ಗುರುತೇ ಇಲ್ಲದ ಕುದುರೆ ಏರಿ ನೇರ ಅಖಾಡಕ್ಕೆ ಇಳಿಯಬೇಕು. ಅಂಥಲ್ಲಿ ಸ್ವಂತ ಲಾಯ ಎಷ್ಟು ಚೆಂದವಿದ್ದರೇನು?

ನನ್ನ ಮಗಳು ಅಲ್ಲಿನ ಕಾಲೇಜು ಸೇರುವ ಮುಂಚೆ ಕುದುರೆ ಹತ್ತಿದವಳೇ ಅಲ್ಲ. ಅವಳ ಕೋಚ್ ಒಂದೇ ಕುದುರೆಯನ್ನು ಸತತ ಎರಡು ವಾರ ಕೊಡುತ್ತಿರಲಿಲ್ಲ. ‘ಇದರ ಕಿವಿ ನೋಡು, ಲಗಾಮಿಗೆ ಬಾಯಿ ಹೇಗೆ ಸ್ಪಂದಿಸುತ್ತೆ ನೋಡು, ಆಮೇಲೆ ಕಾಲು ಒತ್ತು’ ಅನ್ನುತ್ತಿದ್ದರಂತೆ. ಮೊದಲ ವರ್ಷ ಫೋನಿನಲ್ಲಿ ಅತ್ತವಳು ಎರಡನೇ ವರ್ಷ ಕುದುರೆಗಳ ಸ್ವಭಾವವನ್ನು ನೆಂಟರ ಸ್ವಭಾವದಷ್ಟೇ ಸಲೀಸಾಗಿ ವರ್ಣಿಸತೊಡಗಿದಳು.

ಲೇಖನದಲ್ಲಿ ಬಾರದ ಇನ್ನೊಂದು ಸಂಗತಿ: ಈ ಪಂದ್ಯಗಳಲ್ಲಿ ಹೊಸಬರ ವಿಭಾಗದ ಮೊದಲ ಸ್ಥಾನಕ್ಕೂ 7 ಅಂಕ, ಅತ್ಯುನ್ನತ ಓಪನ್ ವಿಭಾಗಕ್ಕೂ ಅದೇ 7. ಯಾರ ಅಂಕ ತಂಡಕ್ಕೆ ಸೇರಬೇಕೆಂದು ಪ್ರತಿ ವಿಭಾಗಕ್ಕೂ ಕೋಚ್ ಮೊದಲೇ ಹೆಸರು ಕೊಟ್ಟಿರಬೇಕು. ಹಾಗಾಗಿ ತಾರೆಯರನ್ನಷ್ಟೇ ತಿದ್ದುವ ಕೋಚ್‌ಗೆ ತಂಡ ಗೆಲ್ಲಿಸಲು ಆಗುವುದಿಲ್ಲ. ಎರಡನೇ ವರ್ಷದ ಒಂದು ಪಂದ್ಯಕ್ಕೆ ಹೊಸಬರ ವಿಭಾಗದಲ್ಲಿ ನನ್ನ ಮಗಳ ಹೆಸರು ಕೊಟ್ಟಿದ್ದರು. ಅವಳು ಮೂರನೆಯವಳಾಗಿ 4 ಅಂಕ ತಂದಳು.