ಸ್ಪಷ್ಟನೆ: ಲೇಸರ್‌ನಿಂದ ಕಾಲಿನ ರಕ್ತಸಂಚಾರ ನಿಲ್ಲುವುದಿಲ್ಲ

‘ವೆರಿಕೋಸ್ ವೇನ್‌ಗೆ (ಕಾಲಿನಲ್ಲಿ ಉಬ್ಬಿದ ರಕ್ತನಾಳ) ಲೇಸರ್ ಮಾಡಿಸಿದರೆ ಕಾಲಿಗೆ ರಕ್ತ ಹರಿಯುವುದಿಲ್ಲ, ತಿಂಗಳು ಮಲಗಿಯೇ ಇರಬೇಕು’ ಎಂಬ ವಾಟ್ಸಾಪ್ ಸಂದೇಶ ತಪ್ಪು. ಲೇಸರ್ ಬಿಸಿಯಿಂದ ಮುಚ್ಚುವುದು ಚರ್ಮದಡಿಯ, ಕವಾಟ ಕೆಟ್ಟ ಅಭಿಧಮನಿಯನ್ನು ಮಾತ್ರ. ಕಾಲಿನ ಸುಮಾರು 90% ರಕ್ತ ಆಳದ ಅಭಿಧಮನಿಗಳಲ್ಲೇ ಹೃದಯಕ್ಕೆ ಮರಳುತ್ತದೆ. ಅವು ತೆರೆದಿವೆಯೇ ಎಂದು ರಕ್ತದ ಹರಿವು ತೋರಿಸುವ ಸ್ಕ್ಯಾನ್ ಆದ ಡಾಪ್ಲರ್‌ನಲ್ಲಿ ಮೊದಲೇ ನೋಡಲೇಬೇಕು. ಈ ಪರೀಕ್ಷೆಯಿಲ್ಲದೆ ಚಿಕಿತ್ಸೆಗೆ ಒಪ್ಪಬೇಡಿ.

ಮಂಡಿಯ ಬಳಿ ಸೂಜಿ ಚುಚ್ಚಿ ಲೇಸರ್ ಬೆಳಕು ಒಯ್ಯುವ ತೆಳು ಎಳೆಯನ್ನು (ಫೈಬರ್) ಕೆಟ್ಟ ಅಭಿಧಮನಿಯೊಳಗೆ ತೂರಿಸುತ್ತಾರೆ. ತುದಿ ತೊಡೆಸಂದಿಯಲ್ಲಿ ಈ ಅಭಿಧಮನಿ ಆಳದ ಅಭಿಧಮನಿಯನ್ನು ಕೂಡುವ ಜಾಗಕ್ಕಿಂತ ಸುಮಾರು 2 ಸೆಂ.ಮೀ. ಕೆಳಗೇ ನಿಲ್ಲಬೇಕು; ಮೀರಿದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸುತ್ತಲೂ ತುಂಬುವ ಅರಿವಳಿಕೆ ದ್ರವ ಕಡಿಮೆಯಾದರೆ ಚರ್ಮ ಸುಡಬಹುದು, ಮಂಡಿಯ ಕೆಳಗೆ ಸ್ಪರ್ಶದ ನರಕ್ಕೆ ಬಿಸಿ ತಾಗಿ ಜೋಮು ಹಿಡಿಯಬಹುದು.

ಚಿಕಿತ್ಸೆಯಾದ ದಿನವೇ ಎದ್ದು ನಡೆದಾಡಲೇಬೇಕು. ಮಲಗಿಯೇ ಇದ್ದರೆ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.