ಲೈಫ್ ಕೋಚ್‌ಗೆ ದುಡ್ಡು ಕಟ್ಟುವ ಮೊದಲು

ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಲೈಫ್ ಕೋಚ್‌ಗಳ, ಅಂದರೆ ಬದುಕಿನ ತೀರ್ಮಾನಗಳಿಗೆ ಮಾತುಕತೆಯಿಂದ ದಾರಿ ಕಂಡುಕೊಳ್ಳಲು ನೆರವಾಗುತ್ತೇವೆ ಅನ್ನುವವರ, ಪೋಸ್ಟರ್ ಓಡಾಡುತ್ತವೆ. ಹೋಂಸ್ಟೇಯಲ್ಲಿ ಎರಡು ದಿನದ ಶಿಬಿರ, ಆಮೇಲೆ ಮೂರು ತಿಂಗಳ ಪ್ಯಾಕೇಜ್. ಕೋಚಿಂಗ್ ಎಲ್ಲಾ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕೋಚ್‌ನಿಂದ ಉಪಕಾರ ಆದದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಆದರೆ ಯಾವ ಕಷ್ಟಕ್ಕೆ ಯಾರ ಹತ್ತಿರ ಹೋಗಬೇಕು ಅನ್ನುವುದು ಗೊತ್ತಿಲ್ಲದೆ ಹೋದರೆ ದುಡ್ಡಿಗಿಂತ ದೊಡ್ಡದನ್ನು ಕಳೆದುಕೊಳ್ಳುತ್ತೇವೆ.

ಮಕ್ಕಂದೂರು ಕಡೆ ನಮ್ಮ ಬಂಧುಗಳೊಬ್ಬರಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವರು. ಆಮೇಲೆ ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅವರಿಗೆ ರಾತ್ರಿ ನಿದ್ದೆ ಇಲ್ಲ. ಟಾರ್ಚ್ ಹಿಡಿದು ಹಿಂಬಾಗಿಲು ತೆಗೆದು ಬರೆ, ಅಂದರೆ ಮನೆ ಹಿಂದಿನ ಮಣ್ಣಿನ ದಿಣ್ಣೆ, ಜರಿದಿದೆಯೋ ಅಂತ ನೋಡುತ್ತಾರೆ. ಒಳಗೆ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತಾರೆ. ಎದೆ ಢವಢವ, ಊಟ ಸೇರುವುದಿಲ್ಲ. ಯಾರೋ ಹೇಳಿದರು ಅಂತ ಒಬ್ಬ ಕೋಚ್ ಹತ್ತಿರ ಹೋದರು. ಭಯ ಪಡುವುದು ಬಿಡುವುದು ನಿಮ್ಮ ಕೈಯಲ್ಲೇ ಇದೆ, ಮೈಂಡ್‌ಸೆಟ್ ಬದಲಿಸಿಕೊಳ್ಳಿ ಅಂದರಂತೆ. ಬದಲಾಗಲಿಲ್ಲ. ಮೊದಲು ಬರೀ ಭಯ ಇತ್ತು, ಈಗ ತಾನೇ ಸರಿಯಿಲ್ಲ ಅನ್ನುವ ಕೊರಗೂ ಸೇರಿಕೊಂಡಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಕೊನೆಗೆ ಮನೋವೈದ್ಯರು ನೋಡಿದ ಮೇಲೆ ನಿದ್ದೆ ಬರತೊಡಗಿತು.

ನಿದ್ದೆ ಹೋಗಿದೆ, ಊಟ ಬಿಟ್ಟಿದ್ದಾರೆ, ಕುಡಿತ ಕೈ ಮೀರಿದೆ, ಸಾಯುವ ಮಾತು ಬರುತ್ತಿದೆ ಅಂದರೆ ಅದು ಕೋಚ್ ಕೆಲಸ ಅಲ್ಲ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಮಾನಸಿಕ ವಿಭಾಗದಲ್ಲಿ ತೋರಿಸಿ. ಹೋಗಲು ಹಿಂಜರಿಕೆಯಾದರೆ ಟೆಲಿ ಮನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಿಜವಾದ ಕೋಚ್ ಆದರೆ ಇಂಥ ಲಕ್ಷಣ ಕಂಡ ಕೂಡಲೇ ತಾವೇ ವೈದ್ಯರ ಹತ್ತಿರ ಕಳಿಸುತ್ತಾರೆ.

ನಮ್ಮ ದೇಶದಲ್ಲಿ ಲೈಫ್ ಕೋಚ್ ಆಗಲು ಯಾವ ಲೈಸೆನ್ಸೂ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಕೋಚ್‌ಗೆ ಅಂಥದ್ದೇನೂ ಇಲ್ಲ, ಇವತ್ತು ಮನಸ್ಸಾದರೆ ನಾಳೆ ಬೋರ್ಡ್ ಹಾಕಬಹುದು. ಹಾಗಾಗಿ ಎಲ್ಲಿ ಕಲಿತಿದ್ದೀರಿ, ಎಷ್ಟು ಗಂಟೆ ಕೋಚಿಂಗ್ ಮಾಡಿದ್ದೀರಿ ಅಂತ ಕೇಳಿ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಅಂತ 1995ರಲ್ಲಿ ಶುರುವಾದ ಸಂಸ್ಥೆಯೊಂದಿದೆ. ಅದು ಕೋಚ್‌ಗಳಿಗೆ ಸರ್ಟಿಫಿಕೇಟ್ ಕೊಡುತ್ತದೆ. ಮೊದಲ ಹಂತದ ಎಸಿಸಿ ಅನ್ನುವ ಸರ್ಟಿಫಿಕೇಟಿಗೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಅದರ ಮೇಲಿನ ಹಂತದ ಪಿಸಿಸಿಗೆ 125 ಗಂಟೆ ತರಬೇತಿ, 500 ಗಂಟೆ ಅನುಭವ. ಅವರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಒಳ್ಳೆಯವರು ಅಂತಲ್ಲ, ಆದರೆ ಕೇಳಿದ್ದಕ್ಕೇ ಮುಖ ಗಂಟಿಕ್ಕುವವರ ಸಹವಾಸ ಬೇಡ.

ಹಾಗಾದರೆ ಕೋಚ್ ಯಾವುದಕ್ಕೆ? ನನ್ನ ಚಿಕ್ಕಪ್ಪನ ಮಗಳಿಗೆ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬರಬೇಕೋ ಬೇಡವೋ ಅನ್ನುವ ಒದ್ದಾಟ. ಅವಳ ಕೋಚ್ ಬಿಡಿ ಅಂತಲೂ ಹೇಳಲಿಲ್ಲ, ಇರಿ ಅಂತಲೂ ಹೇಳಲಿಲ್ಲ. ತೋಟದಲ್ಲಿ ಒಂದು ಸೋಮವಾರ ಬೆಳಿಗ್ಗೆಯಿಂದ ಸಂಜೆವರೆಗೆ ನೀವು ಏನೇನು ಮಾಡುತ್ತಿರುತ್ತೀರಿ, ಹೇಳಿ ಅಂದರು. ಇವಳಿಗೆ ಹತ್ತು ಗಂಟೆಯಿಂದಾಚೆ ಹೇಳಲು ಬರಲಿಲ್ಲ! ಆ ಕೊಯ್ಲಿಗೆ ರಜೆ ಹಾಕಿ ಬಂದಳು. ಸಂಜೆ ಕಾಫಿ ಹಣ್ಣಿನ ಚೀಲ ತೂಕಕ್ಕೆ ಇಡುವಾಗ ಪಕ್ಕದಲ್ಲಿ ನಿಂತು ಒಬ್ಬೊಬ್ಬರ ಕಿಲೋ ಬರೆದುಕೊಂಡಳು, ವಾರದ ಬಟವಾಡೆ ತಾನೇ ಮಾಡಿದಳು. ಆಮೇಲೆ ತೀರ್ಮಾನ ಅವಳದ್ದೇ. ಅದೇ ಕೋಚಿಂಗ್. ನಿಮ್ಮ ಬದಲಿಗೆ ಬೇರೆಯವರು ತೀರ್ಮಾನ ಮಾಡಿಕೊಟ್ಟರೆ ಅದು ಬೇರೆ ಏನೋ.

ನಮ್ಮ ಕಡೆಯದ್ದೇ ಒಂದು ತೊಡಕಿದೆ. ಹೊರಗಿನ ಕೋಚ್ 'ನಿಮಗೆ ಏನು ಬೇಕು?' ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮೀನಿನ, ಪಹಣಿಯಲ್ಲಿ ಕುಟುಂಬದವರ ಹೆಸರು ಸಾಲಾಗಿ ಇರುತ್ತದಲ್ವಾ? ನಮ್ಮ ಪಾಲಿನದ್ದು ಅಂದುಕೊಂಡರೂ ಒಬ್ಬರೇ ಮಾರಿ ಹೋಗುವ ಹಾಗಿಲ್ಲ. ಇದು ಕೋಚ್‌ಗೆ ಗೊತ್ತಿರಬೇಕು ಅಂತೇನಿಲ್ಲ, ಹೇಳಿದಾಗ ತಾಳ್ಮೆಯಿಂದ ಕೇಳಬೇಕು. ಪಾಲಿನ ವಿಷಯಕ್ಕೆ ವಕೀಲರ ಹತ್ತಿರ ಹೋಗಿ ಅನ್ನಬೇಕು.

ಗುಟ್ಟಿನ ವಿಷಯವನ್ನಂತೂ ಮೊದಲೇ ಮಾತಾಡಿಕೊಳ್ಳಿ. ಗೋಣಿಕೊಪ್ಪದಲ್ಲಿ ಹೇಳಿದ್ದು ವಿರಾಜಪೇಟೆಯ ಮದುವೆ ಮನೆಗೆ ತಲುಪಲು ಎಷ್ಟು ಹೊತ್ತು? ನಿಮ್ಮ ಕಥೆಯನ್ನು ಹೆಸರು ತೆಗೆದು ಶಿಬಿರದಲ್ಲಿ ಹೇಳಿದರೂ ಇಲ್ಲಿ ಯಾರದ್ದು ಅಂತ ಗೊತ್ತಾಗಿಬಿಡುತ್ತದೆ. ಬೇರೆ ಕ್ಲೈಂಟ್‌ಗಳ ವಿಷಯ ನಿಮ್ಮ ಮುಂದೆ ಹೇಳುವ ಕೋಚ್ ನಿಮ್ಮದನ್ನೂ ಹೇಳುತ್ತಾರೆ. ಗುಂಪಿನಲ್ಲಿ ಅಳಿಸಿ, ಅದರ ವಿಡಿಯೋ ಮಾಡಿ ಹಾಕುವವರ ಹತ್ತಿರ ಸುಳಿಯಲೇಬೇಡಿ.

ದುಡ್ಡಿನ ವಿಷಯಕ್ಕೆ ಬರೋಣ. ಇವತ್ತೇ ಕಟ್ಟಿದರೆ ರಿಯಾಯಿತಿ ಅಂದರೆ ಇವತ್ತು ಕಟ್ಟಬೇಡಿ. ಮೊದಲ ಮಾತುಕತೆಯನ್ನು ಎಷ್ಟೋ ಕೋಚ್‌ಗಳು ಪುಕ್ಕಟೆ ಕೊಡುತ್ತಾರೆ, ಕೇಳಿ. ಆದಷ್ಟು ಒಂದೊಂದು ಸೆಷನ್‌ಗೆ ಕೊಡಿ. ಎಷ್ಟು ಸೆಷನ್, ಫೀಸ್ ಎಷ್ಟು, ಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗಿ ಸೆಷನ್ ತಪ್ಪಿದರೆ ಏನು, ನಡುವೆ ಬಿಟ್ಟರೆ ಎಷ್ಟು ವಾಪಸ್, ಎಲ್ಲಾ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪಿದ ಹಾಗೆ ಹಣ ವಾಪಸ್ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ರಸೀದಿಯನ್ನೂ ವಾಟ್ಸಾಪ್ ಮೆಸೇಜುಗಳನ್ನೂ ಅಲ್ಲಿಯವರೆಗೆ ಅಳಿಸಬೇಡಿ.